ಇಪ್ಪತ್ಮೂರು ಸಾವಿರ ಹೆಜ್ಜೆ

ನಮ್ಮ ಕಚೇರಿಯಲ್ಲಿ ನಡಿಗೆ ವಾರ ಅಂತ ಶುರುವಾದಾಗ, ಅಪ್ಪ ಅಲ್ಲಿ ನಡೆಯೋಕೆ ಶುರುಮಾಡಿ ಇಪ್ಪತ್ತಾರು ವರ್ಷ ಆಗಿತ್ತು.

ಅಪ್ಪ ಜವಾನ. ನಾಲ್ಕು ಮಹಡಿ, ನಲವತ್ತಾರು ಮೇಜು, ಕೆಳಗೆ ನೆಲಮಾಳಿಗೆಯಲ್ಲಿ ರೆಕಾರ್ಡ್ ರೂಮು. ಯಾರಿಗೆ ಯಾವ ಫೈಲು ಬೇಕಾದರೂ ಅಪ್ಪನೇ ಇಳೀಬೇಕು, ಅಪ್ಪನೇ ಹತ್ತಬೇಕು. ಲಿಫ್ಟು ಮೇಲಿನವರಿಗೆ ಮಾತ್ರ. ಎಲ್ಲರೂ ಅಪ್ಪನನ್ನ ಗಾಲಿ ಅಂತಲೇ ಕರೆಯೋದು. ನಾನು ಎಂಟನೇ ಕ್ಲಾಸಿಗೇ ಓದಿಗೆ ಕೈಮುಗಿದವನು. ಅದೇ ರೆಕಾರ್ಡ್ ರೂಮಿನಲ್ಲಿ ಫೈಲು ಹುಡುಕಿ, ದೂಳು ಕೊಡವಿ, ದಾರ ಬಿಗಿದು ಕೊಡೋದು ನನ್ನ ಕೆಲಸ. ಅಪ್ಪ ಬಾಗಿಲಿಗೆ ಎರಡು ಸಲ ತಟ್ಟೋದು, ನಾನು ಕಟ್ಟು ಎತ್ತಿ ಕೊಡೋದು. ಮನೆಯಲ್ಲಿ ಕೂಡ ನಮಗೆ ಅದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಅಪ್ಪನದೊಂದು ನಿಯಮವಿತ್ತು. ಒಂದೇ ಫೈಲಿಗೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಮೂರನೇ ಮಹಡಿಯವರು ಕೇಳಿದರೆ, ಒಂದನೆಯವರದ್ದೂ ನಾಲ್ಕನೆಯವರದ್ದೂ ಕೂಡಿಸಿಕೊಂಡೇ ಹೊರಡೋದು. ವಾಪಸ್ ಬರುವಾಗಲೂ ಕೈ ಖಾಲಿ ಇರುತ್ತಿರಲಿಲ್ಲ. ಹಾಗೆ ಜುಗ್ಗತನ ಮಾಡಿಯೇ ಮಂಡಿಯನ್ನ ಇಷ್ಟು ವರ್ಷ ಎಳೆದಿದ್ದ. ಆದರೂ ಹೋದ ವರ್ಷದಿಂದ ಬಲಗಾಲು ಊದಿಕೊಂಡು, ಕಂಬಿ ಹಿಡಿದು ಏಡಿ ಥರ ಅಡ್ಡಡ್ಡ ಇಳಿಯೋದು ಶುರುವಾಗಿತ್ತು.

ಮುಂಬಾಗಿಲ ಹತ್ತಿರ ಟಪಾಲು ಕೌಂಟರಿನಲ್ಲಿ ಕೂರುತ್ತಿದ್ದ ಮುದುಕರು ಆ ತಿಂಗಳು ನಿವೃತ್ತಿ. ಬಂದ ಕಾಗದಕ್ಕೆ ಸೀಲು ಹೊಡಿ, ಪುಸ್ತಕದಲ್ಲಿ ಬರಿ, ಕೂತಿರು. ಅಪ್ಪನಿಗೆ ಆ ಕುರ್ಚಿ ಬೇಕಿತ್ತು, ಅಷ್ಟೇ. ಮೂರು ಸಲ ಅರ್ಜಿ ಕೊಟ್ಟಿದ್ದ. ಮೂರು ಸಲವೂ ಹೆಡ್ ಕ್ಲಾರ್ಕ್ "ನೋಡೋಣ" ಅಂದಿದ್ದ. ನೋಡಿದ್ದು ಮಾತ್ರ ಇಲ್ಲ.

ಸೋಮವಾರ ಒಬ್ಬ ಡಾಕ್ಟರು ಬಂದು, ಕೂತು ಕೂತು ಮನುಷ್ಯ ಕೆಡ್ತಾನೆ, ದಿನದ ಕೆಲಸದೊಳಗೇ ನಡಿಗೆ ತರಬೇಕು ಅಂತ ಒಂದು ಗಂಟೆ ಭಾಷಣ ಮಾಡಿದರು. ಎಲ್ಲರೂ ಕೂತು ಕೇಳಿದರು. ಲಿಫ್ಟಿಗೆ ಬೀಗ ಬಿತ್ತು. ಮ್ಯಾನೇಜರ್ ಕೋಣೆ ನೆಲಮಹಡಿಯಲ್ಲೇ ಇತ್ತು, ಅವರಿಗೇನು. ಎಲ್ಲರ ಕೈಗೂ ಹೆಜ್ಜೆ ಎಣಿಸೋ ಪಟ್ಟಿ ಕೊಟ್ಟರು. ಒಂದು ಉಳಿಯಿತು.

"ಗಾಲೀ, ನೀನೂ ಕಟ್ಕೋ," ಅಂದ ಹೆಡ್ ಕ್ಲಾರ್ಕ್. "ಇಷ್ಟು ದಿನ ಮೀಟರೇ ಇಲ್ದೆ ಓಡಿದ್ದೀಯ."

ಸಂಜೆ ನೋಡಿದರೆ ಬೇರೆಯವರದ್ದು ಎರಡು ಸಾವಿರ, ಮೂರು ಸಾವಿರ. ಅಪ್ಪನದು ಹನ್ನೊಂದು ಸಾವಿರ. ಆಗ ನನ್ನ ತಲೆ ಓಡಿತು. ಓಡಬಾರದಿತ್ತು.

"ಅಪ್ಪಾ, ನಾಳೆಯಿಂದ ಕೂಡಿಸಬೇಡ. ಒಂದೊಂದು ಫೈಲಿಗೂ ಒಂದೊಂದು ಸಲ ಹೋಗು."

"ತಲೆ ನೆಟ್ಟಗಿದೆಯೇನೋ? ಕಾಲು ಕಳಚಿ ಕೈಗೆ ಬರುತ್ತೆ."

"ನಾಲ್ಕೇ ದಿನ. ನಂಬರ್ ನೋಡಿದ್ರೆ ಅವರ ಬಾಯಿ ಕಟ್ಟುತ್ತೆ. ಇಷ್ಟು ನಡೆಯೋನಿಗೆ ಒಂದು ಕುರ್ಚಿ ಕೊಡದೇ ಇರೋಕೆ ಅವರೇನು ಕಲ್ಲಾ?"

"ಕಲ್ಲಲ್ಲ ಕಣೋ, ಕ್ಲಾರ್ಕು," ಅಂದ ಅಪ್ಪ. ಆದರೆ ಮಾರನೇ ದಿನ ಒಂದೇ ಫೈಲು ಎತ್ತಿಕೊಂಡು ಹೋದ.

ಶುಕ್ರವಾರ ಪಟ್ಟಿಯಲ್ಲಿ ಇಪ್ಪತ್ಮೂರು ಸಾವಿರ ಬಂತು. ಮಂಡಿ ಪ್ಯಾಂಟಿನ ಮೇಲೆಯೇ ಎದ್ದು ಕಾಣುತ್ತಿತ್ತು. ಅಪ್ಪ ಎಲ್ಲರಿಗೂ ಕೈ ಚಾಚಿ ತೋರಿಸಿದ. ಅಷ್ಟು ವರ್ಷದಲ್ಲಿ ಅಪ್ಪ ಯಾರಿಗಾದರೂ ಏನಾದರೂ ತೋರಿಸಿದ್ದು ನಾನು ನೋಡಿರಲಿಲ್ಲ.

ಶನಿವಾರ ಸಭೆ. ಮ್ಯಾನೇಜರ್ ಅಪ್ಪನನ್ನ ಮುಂದೆ ನಿಲ್ಲಿಸಿಕೊಂಡು ಹೆಗಲ ಮೇಲೆ ಕೈ ಹಾಕಿದರು.

"ನೋಡಿ, ನಮ್ಮೆಲ್ಲರ ಆರೋಗ್ಯವನ್ನ ಈ ಒಬ್ಬ ಮನುಷ್ಯ ತಿಂದು ಕೂತಿದ್ದಾನೆ." ಎಲ್ಲರೂ ನಕ್ಕರು. "ಇಪ್ಪತ್ಮೂರು ಸಾವಿರ ಹೆಜ್ಜೆ. ನಲವತ್ತಾರು ಜನಕ್ಕೆ ಹಂಚಿದ್ರೆ ತಲೆಗೆ ಐನೂರು. ಇನ್ಮೇಲೆ ಅವರವರ ಫೈಲು ಅವರವರೇ ಹೋಗಿ ತರಬೇಕು."

ಚಪ್ಪಾಳೆ. ಅಪ್ಪನೂ ತಟ್ಟಿದ. ಹತ್ತಿಳಿಯೋದು ತಪ್ಪಿತು, ಇನ್ನು ಕುರ್ಚಿಯೇ ಅಂದುಕೊಂಡಿದ್ದ ಪಾಪ.

"ಸಾರ್, ಹಾಗಾದ್ರೆ ನಾನು ಟಪಾಲಿಗೆ..."

"ಟಪಾಲು ಕೌಂಟರ್ ತೆಗೀತಿದ್ದೀವಿ. ಅವರವರ ಕಾಗದ ಅವರವರೇ ಬಂದು ತಗೋತಾರೆ. ಅದೂ ಅಲ್ದೆ, ಕೂತು ಮಾಡೋ ಕೆಲಸ ಮೈಗೆ ಒಳ್ಳೇದಲ್ಲ. ಡಾಕ್ಟರ್ ಹೇಳಿದ್ದು ಕೇಳಿಸ್ಕೊಳ್ಳಲಿಲ್ವಾ?"

ಡಾಕ್ಟರು ಹೇಳುವಾಗ ಅಪ್ಪ ನಾಲ್ಕನೇ ಮಹಡಿಯಲ್ಲಿದ್ದ.

ತಿಂಗಳ ಕೊನೆಗೆ ಜವಾನನ ಹುದ್ದೆಯೇ ರದ್ದು. ಕೈಗೊಂದು ನೀರಿನ ಬಾಟಲಿ ಕೊಟ್ಟು ಕಳಿಸಿದರು. ಅದರ ಮೇಲೆ ನಡೆಯುತ್ತಿರೋ ಮನುಷ್ಯನ ಚಿತ್ರ, ಕೆಳಗೆ 'ನಡೆಯುತ್ತಿರಿ' ಅಂತ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಬಾಟಲಿಯನ್ನೇ ನೋಡುತ್ತಾ ಕೇಳಿದಳು, "ಅಷ್ಟೊಂದು ನಡಿ ಅಂತ ಯಾವ ತಲೆಕೆಟ್ಟವನು ಹೇಳಿದ ನಿಮಗೆ?"

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಯಾರೂ ಇಲ್ಲ ಕಣೇ. ನನ್ನ ಜಂಬ," ಅಂದ ಅಪ್ಪ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊದಲ ವಾರ ಮೆಟ್ಟಿಲ ಮೇಲೆ ಜಾತ್ರೆ. ಒಬ್ಬರಿಗೊಬ್ಬರು ಪಟ್ಟಿ ತೋರಿಸಿಕೊಂಡು ಇಳಿದು ಬಂದರು. ಎರಡನೇ ವಾರ ಅರ್ಧ ಜನ. ಮೂರನೇ ವಾರ ಲಿಫ್ಟಿನ ಬೀಗ ತೆಗೆದರು, ಓಡಿಸದಿದ್ದರೆ ಕೆಡುತ್ತಂತೆ. ಲಿಫ್ಟೇನೋ ಓಡಿತು, ಆದರೆ ನೆಲಮಾಳಿಗೆಗೆ ಇಳಿಯೋದಿಲ್ಲವಲ್ಲ. ಆಮೇಲೆ ಫೋನು.

"ತಮ್ಮಾ, ಇದೊಂದು ಫೈಲು ತಂದ್ಕೊಟ್ಬಿಡಪ್ಪ. ಇವತ್ತೊಂದಿನ."

ನಲವತ್ತಾರು ಜನಕ್ಕೂ ಇವತ್ತೊಂದಿನ. ಈಗ ಫೈಲು ಹುಡುಕೋದೂ ನಾನೇ, ಹೊರೋದೂ ನಾನೇ. ಅಪ್ಪನ ಹಾಗೇ ಕೂಡಿಸಿಕೊಂಡು ಹೋಗ್ತೀನಿ. ಗಾಲಿಯ ಮಗ ಚಕ್ರ ಅಂತ ಯಾರೋ ಹೆಸರೂ ಇಟ್ಟಾಯ್ತು.

ಹೋದ ವಾರ ಹೆಡ್ ಕ್ಲಾರ್ಕ್ ಅಪ್ಪ ಕಟ್ಟಿದ್ದ ಅದೇ ಪಟ್ಟಿ ತಂದು ನನ್ನ ಕೈಗೆ ಕಟ್ಟಿದ. ಅವನು ಬೆನ್ನು ತಿರುಗಿಸಿದ ಕೂಡಲೇ ಬಿಚ್ಚಿ ಬೀರುವಿನ ಪಕ್ಕದ ಮೊಳೆಗೆ ನೇತುಹಾಕಿದೆ. ಎಣಿಸಿಕೊಟ್ಟು ಏನಾಯ್ತು ಅಂತ ನೋಡಿದ್ದೆನಲ್ಲ. ಈ ಸಲ ನಾನೇ ಜಾಣ ಅಂದುಕೊಂಡೆ.

ಇವತ್ತು ಅವನು ಪಟ್ಟಿ ಕೇಳಿ ಇಸ್ಕೊಂಡು, ತಿರುಗಿಸಿ ನೋಡಿದ.

"ಸೊನ್ನೆ. ಅಂದ್ರೆ ವಾರವೆಲ್ಲ ಕೂತೇ ಇದ್ದೀಯ."

"ಮೊಳೆಗೆ ಹಾಕಿದ್ದೆ."

"ನಿನ್ನ ಬಾಯಿ ನಂಬಲಾ, ಮಿಷನ್ ನಂಬಲಾ? ಸೋಮವಾರದಿಂದ ಹಿಂದುಗಡೆ ಕಟ್ಟಡದ ಫೈಲೂ ನಿಂದೇ."

ಮೂಗಿಗೆ ಗುದ್ದಬೇಕು ಅನ್ನಿಸಿತು. ಮನೆಯಲ್ಲಿ ದುಡಿಯೋನು ಈಗ ನಾನೊಬ್ಬನೇ. ಗುದ್ದಲಿಲ್ಲ. ಹಿಂದಿನ ಕಟ್ಟಡ ಐದು ಮಹಡಿ.

ಮನೆಗೆ ಬಂದಾಗ ಅಪ್ಪ ಹೊಸಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಕೂರೋಕೆ ಅವನಿಗೆ ಈಗ ಸಿಕ್ಕಿರೋದು ಆ ಹೊಸಿಲೇ. ಸಂಗತಿ ಹೇಳಿದೆ.

"ಕೂಡಿಸ್ಕೊಂಡು ಹೋಗು," ಅಂದ. ಇನ್ನೊಂದು ಹನಿ ಎಣ್ಣೆ ಅಂಗೈಗೆ ಸುರಿದುಕೊಂಡು, "ಯಾವ ಕಾಲು ನೋಯ್ತಿದೆ?"

"ಬಲಗಾಲು."

ಅಪ್ಪ ಎಣ್ಣೆ ಶೀಶೆಯನ್ನ ನನ್ನ ಕಡೆ ತಳ್ಳಿ, ಒಂದು ಚೂರು ಪಕ್ಕಕ್ಕೆ ಸರಿದ.