ಊಟದ ಬಿಡುವಿನ ಟೇಬಲ್

ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಅವಳ ಕೆಲಸ ತಪ್ಪು ಹುಡುಕುವುದು. ಒಂದೊಂದೇ ಗಾಜನ್ನು ದೀಪಕ್ಕೆ ಹಿಡಿದು, ಗೀರೋ ಗುಳ್ಳೆಯೋ ಕಂಡರೆ ಕೆಂಪು ತಟ್ಟೆಗೆ ಹಾಕಬೇಕು. ಸೇರಿ ಎರಡು ತಿಂಗಳಾಗಿತ್ತು. ಅದಕ್ಕೆ ಮೊದಲು ಹದಿನಾರು ವರ್ಷ ಟೇಬಲ್ ಟೆನಿಸ್ ಬಿಟ್ಟು ಬೇರೇನೂ ಮಾಡಿದವಳಲ್ಲ. ದೇಶದ ತಂಡದಲ್ಲಿದ್ದಳು. ಮೂವತ್ಮೂರಕ್ಕೆ ಭುಜ ಕೈಕೊಟ್ಟಿತು, ತಂಡವೂ ಅವಳನ್ನು ಬಿಟ್ಟಿತು.

ಕಾರ್ಖಾನೆಯ ಊಟದ ಕೋಣೆಯಲ್ಲಿ ಒಂದು ಹಳೆಯ ಟೇಬಲ್ ಇತ್ತು. ಒಂದು ಕಾಲಿನ ಕೆಳಗೆ ಮಡಚಿದ ರಟ್ಟು, ನಡುವೆ ಜೋತುಬಿದ್ದ ನೆಟ್. ಊಟವಾದ ಮೇಲಿನ ಅರ್ಧ ಗಂಟೆ ಅಲ್ಲಿ ಸಂತೆಯೇ ಸಂತೆ. ಪ್ಯಾಕಿಂಗ್ ವಿಭಾಗದ ಅಕ್ಕ ಪ್ರತಿ ಹೊಡೆತಕ್ಕೂ ಕಣ್ಣು ಮುಚ್ಚುತ್ತಿದ್ದರು. ಎಲ್ಲರೂ ತಾತ ಎಂದೇ ಕರೆಯುತ್ತಿದ್ದ ಉಗ್ರಾಣದ ಮೇಲ್ವಿಚಾರಕರು ಆಡುವುದಕ್ಕಿಂತ ಜಗಳವಾಡುವುದೇ ಹೆಚ್ಚು. ಚೆಂಡು ಟೇಬಲ್ ಮೇಲಿದ್ದುದಕ್ಕಿಂತ ಕುರ್ಚಿಗಳ ಕೆಳಗೇ ಜಾಸ್ತಿ ಇರುತ್ತಿತ್ತು. ಅವಳು ಆ ಕಡೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು.

ಒಂದು ದಿನ ಅಕ್ಕ ಫೋನ್ ಹಿಡಿದುಕೊಂಡು ಓಡಿಬಂದರು. ಅದರಲ್ಲಿ ಅವಳ ಹಳೆಯ ಫೋಟೋ, ಕೊರಳಲ್ಲಿ ಪದಕ.

"ಏನಮ್ಮಾ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ! ಬಾ, ಒಂದು ಕೈ ನೋಡೇಬಿಡೋಣ."

ಅವಳು ಎದ್ದಳು. ಅಕ್ಕ ಎಡಕ್ಕೆ ವಾಲಿದೊಡನೆ ಅವಳ ಕೈ ತಾನಾಗಿಯೇ ಚೆಂಡನ್ನು ಬಲಕ್ಕೆ ಕಳಿಸಿತು. ಮೊದಲ ಮೂರು ಅಂಕಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆರಕ್ಕೆ ನಗು ನಿಂತಿತು. ಹನ್ನೊಂದು–ಸೊನ್ನೆ. ಆಮೇಲೆ ತಾತ ಬಂದರು. ಅವರದೂ ಸೊನ್ನೆ. ಮೂರನೆಯವರು ಯಾರೂ ಬರಲಿಲ್ಲ.

ಮುಂದಿನ ಮೂರು ದಿನ ಬ್ಯಾಟುಗಳು ಟೇಬಲ್ ಮೇಲೆ ಹಾಗೇ ಬಿದ್ದಿದ್ದವು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಫೋನ್. ನಾಲ್ಕನೆಯ ದಿನ ಅವಳೇ ತಾತನನ್ನು ಕರೆದಳು. ಈ ಸಲ ಕೆಲವನ್ನು ನೆಟ್‌ಗೆ ಹೊಡೆದಳು, ಕೆಲವನ್ನು ಹೊರಗೆ ಕಳಿಸಿದಳು. ಎಂಟು–ಐದು ಆದಾಗ ತಾತ ಬ್ಯಾಟ್ ಕೆಳಗಿಟ್ಟರು.

"ಬಿಟ್ಟುಕೊಡ್ತಿದ್ದೀಯ."

"ಇಲ್ಲ ತಾತ..."

"ನನಗೇನು ಕಣ್ಣಿಲ್ವಾ? ಸೋತಿದ್ದಕ್ಕೆ ಬೇಜಾರಿಲ್ಲ ಕಣಮ್ಮ, ನಾನು ದಿನಾ ಸೋಲೋನೇ. ಆದ್ರೆ ಅವತ್ತೂ ಅಷ್ಟೇ, ಇವತ್ತೂ ಅಷ್ಟೇ, ಎದುರಿಗೆ ಯಾರಿದ್ದಾರೆ ಅಂತ ನೀನು ನೋಡೋದೇ ಇಲ್ಲ."

ಅವಳು ಹದಿನಾರು ವರ್ಷ ಎದುರಾಳಿಗಳ ಮಣಿಕಟ್ಟು ನೋಡಿದ್ದಳು, ಪಾದ ನೋಡಿದ್ದಳು. ಅವರಲ್ಲಿ ಒಬ್ಬಳಾದರೂ ಹೇಗೆ ನಗುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನದಿಂದ ಊಟದ ಡಬ್ಬಿಯನ್ನು ತನ್ನ ಕೆಲಸದ ಮೇಜಿಗೇ ತಂದುಕೊಂಡಳು. ಎರಡು ದಿನ ಕಳೆಯುವಷ್ಟರಲ್ಲಿ ಗೋಡೆಯಾಚೆ ಮತ್ತೆ ಗಲಾಟೆ ಕೇಳಿಸತೊಡಗಿತು. ತಾತ ಯಾರದೋ ಜೊತೆ ಜಗಳಕ್ಕೆ ನಿಂತಿದ್ದರು. ಅವಳು ತುತ್ತು ಕೈಯಲ್ಲಿ ಹಿಡಿದು ಕೇಳುತ್ತ ಕೂತಳು.

ಆ ಭಾನುವಾರ ಅವಳು ಅಣ್ಣನ ಟೈಲರ್ ಅಂಗಡಿಗೆ ಹೋದಳು. ಅವಳಿಗೆ ಮೊದಲು ಆಟ ಕಲಿಸಿದವನು ಅವನೇ. ಮನೆಯ ಊಟದ ಮೇಜು, ನಡುವೆ ಸಾಲಾಗಿ ನಿಲ್ಲಿಸಿದ ಪುಸ್ತಕಗಳು, ಬ್ಯಾಟಿನ ಬದಲು ರಟ್ಟು. ಅವಳಿಗೆ ಹನ್ನೊಂದಾದಾಗ ಕೋಚ್ ಸಿಕ್ಕರು. ಮುಂದಿನ ವರ್ಷ ಅಣ್ಣ ಆಡುವುದನ್ನು ಬಿಟ್ಟ. ಯಾಕೆಂದು ಅವಳು ಕೇಳಿರಲಿಲ್ಲ. ಈಗ ಕೇಳಿದಳು.

ಅವನು ಹೊಲಿಗೆ ಯಂತ್ರದಿಂದ ತಲೆ ಎತ್ತಿದ. "ಇಪ್ಪತ್ತೊಂದು ವರ್ಷ ಆದ್ಮೇಲೆ ನೆನಪಾಯ್ತಾ?"

"ಹೇಳು ಅಣ್ಣ."

"ಮೊದಮೊದಲು ಚೆಂಡು ತಪ್ಪಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ ನೀನು. ಆಮೇಲೆ ನಾನು ತಪ್ಪಿದ್ರೆ, 'ಬೇಗ ಎತ್ಕೊಂಡು ಬಾ' ಅಂತಿದ್ದೆ. ನಾನು ನಿನಗೆ ಚೆಂಡು ವಾಪಸ್ ಕಳಿಸೋ ಗೋಡೆ ಆಗ್ಬಿಟ್ಟಿದ್ದೆ ಕಣೇ. ಗೋಡೆ ಮನೇಲೇ ಇತ್ತಲ್ಲ, ನಾನ್ಯಾಕೆ?"

ಸಿಟ್ಟಿಲ್ಲದೆ ಹೇಳಿದ. ಅದೇ ಅವಳಿಗೆ ಹೆಚ್ಚು ನಾಟಿತು. ಅವನು ಮತ್ತೆ ಹೊಲಿಯತೊಡಗಿದ.

"ಈಗ ಆಡ್ತೀಯಾ?" ಎಂದಳು.

ಅವನು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ನಡುವೆ ಬಟ್ಟೆಯ ಸುರುಳಿಯೊಂದನ್ನು ಅಡ್ಡಲಾಗಿ ಮಲಗಿಸಿದ. ಅವಳು ಚೀಲದಿಂದ ಎರಡು ಬ್ಯಾಟು ತೆಗೆದಳು. ಅಣ್ಣ ದಪ್ಪಗಾಗಿದ್ದ, ಬೇಗ ಏದುಸಿರು ಬಿಟ್ಟ. ಮೇಜಿನ ಹಲಗೆಗಳು ಕೂಡುವ ಕಡೆ ಚೆಂಡು ಮನಬಂದತ್ತ ಚಿಮ್ಮಿ ಅವಳನ್ನೂ ಏಮಾರಿಸುತ್ತಿತ್ತು. ಒಮ್ಮೆ ತುಂಡುಬಟ್ಟೆಯ ಬುಟ್ಟಿಯೊಳಗೆ ಬಿತ್ತು. ಅಣ್ಣ ಬುಟ್ಟಿಗೆ ಅರ್ಧ ಇಳಿದು ಹುಡುಕುತ್ತ ನಕ್ಕ. ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ.

"ಎಷ್ಟಾಯ್ತು?" ಎಂದು ಕೇಳಿದ.

"ಲೆಕ್ಕ ಇಟ್ಟಿಲ್ಲ ಅಣ್ಣ."

"ಸುಳ್ಳು ಹೇಳ್ಬೇಡ. ಆಗಿನಿಂದ ನಿನ್ನ ತುಟಿ ಅಲ್ಲಾಡ್ತಾನೇ ಇದೆ."

"ಒಂಬತ್ತು–ನಾಲ್ಕು" ಎಂದಳು.

"ನಾಲ್ಕು ನಂದಾ? ಪರವಾಗಿಲ್ವೇ!" ಅಣ್ಣ ಬೆವರು ಒರೆಸಿಕೊಂಡು, ಅಂಗಡಿಯ ಕನ್ನಡಿಯಲ್ಲಿ ತನ್ನನ್ನೇ ನೋಡಿ ಬೀಗಿದ.

ನಾಲ್ಕು ಅಂಕಕ್ಕೆ ಅಷ್ಟು ಹಿಗ್ಗುವವನನ್ನು ಅವಳು ಹೊಟ್ಟೆಕಿಚ್ಚಿನಿಂದ ನೋಡುತ್ತ ನಿಂತಳು. ಆಮೇಲೆ ಸರ್ವ್ ಮಾಡಿದಳು.