ಮೇನ್ ಆಫ್ ಮಾಡಿದ ಮೇಲೆ

ಅಪ್ಪನಿಗೆ ಬೇಕಾಗಿದ್ದದ್ದು ಒಂದೇ. ಮಗಳನ್ನು ಕರೆಯದೆ ತಾನೇ ಎದ್ದು ಟಾಯ್ಲೆಟ್ಟಿಗೆ ಹೋಗಿಬರುವುದು. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಬಾಯಿಂದ ಒಂದು ಮಾತೂ ಹೊರಡದಂತಾದ ಮೇಲೂ ಈ ಹಟ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗಲೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ನನಗೇನು ಖುಷಿಯೇ? ನನಗೂ ಕಣ್ಣು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹೆಂಗಸು ಒಂದು ದಾರಿ ಹೇಳಿದಳು. ಮಂಚದ ಎದುರಿನ ಗೋಡೆಗೆ ಗಟ್ಟಿಯಾದ ಸ್ಟೀಲಿನ ಹಿಡಿಕೆ ಹಾಕಿಸಿದರೆ ಅಪ್ಪ ಎಡಗೈಯಲ್ಲಿ ಅದನ್ನು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ತಾನೇ ಏಳಬಹುದು. ಬೇಗ ಹಾಕಿಸಿ, ಮಲಗಿಯೇ ಇದ್ದರೆ ಇರುವ ಒಂದು ಕಾಲೂ ಕೈಕೊಡುತ್ತದೆ ಎಂದಳು. ಅಪ್ಪ ಅದನ್ನು ಕೇಳಿ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ನಾನು ಅವತ್ತೇ ಬಡಗಿಗೆ ಫೋನು ಮಾಡಿದೆ.

ತೊಂದರೆ ಇದ್ದದ್ದು ಗೋಡೆಯಲ್ಲಿ. ಅದು ಇಟ್ಟಿಗೆಯ ಗೋಡೆಯಲ್ಲ, ಹಲಗೆಯದು. ನಾನು ಶಾಲೆಗೆ ಹೋಗುತ್ತಿದ್ದಾಗ ನನಗೆ ಬೇರೆ ಕೋಣೆ ಬೇಕೆಂದು ರಂಪ ಮಾಡಿದ್ದಕ್ಕೆ ಅಪ್ಪ ದೊಡ್ಡ ಕೋಣೆಯ ನಡುವೆ ಮರದ ಕಂಬಗಳನ್ನು ನಿಲ್ಲಿಸಿ, ಎರಡೂ ಕಡೆ ಹಲಗೆ ಹೊಡೆದು, ಒಂದನ್ನು ಎರಡು ಮಾಡಿದ್ದ. ಒಳಗೆಲ್ಲ ಪೊಳ್ಳು. ಹಿಡಿಕೆಯ ಸ್ಕ್ರೂ ಕಂಬಕ್ಕೇ ಕಚ್ಚಬೇಕು, ಇಲ್ಲದಿದ್ದರೆ ಹಿಡಿಕೆ ಹಲಗೆ ಸಮೇತ ಕಿತ್ತು ಬಂದು ಅಪ್ಪ ನೆಲಕ್ಕೆ. ಸಾಲದ್ದಕ್ಕೆ ಗೀಸರಿಗೆ ಹೋಗುವ ದಪ್ಪ ವೈರು ಅದೇ ಗೋಡೆಯೊಳಗೆ ಯಾವುದೋ ಕಂಬದ ಗುಂಟ ಇಳಿದಿತ್ತು. ಅದನ್ನು ಎಳೆದವನೂ ಅಪ್ಪನೇ. ಊರಿಗೆಲ್ಲ ವೈರಿಂಗ್ ಮಾಡಿ ಕರೆಂಟಜ್ಜ ಎನಿಸಿಕೊಂಡವನು ತನ್ನ ಮನೆಯ ವೈರು ಎಲ್ಲಿದೆಯೆಂದು ಯಾರಿಗೂ ಹೇಳಿರಲಿಲ್ಲ. ಕೇಳಿದರೆ, ನಾನಿದ್ದೀನಲ್ಲ ಎನ್ನುತ್ತಿದ್ದ. ಈಗಲೂ ಇದ್ದಾನೆ, ಏನು ಪ್ರಯೋಜನ?

ಬಡಗಿ ಚೀಲದಿಂದ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದನ್ನು ತೆಗೆದ. ಗೋಡೆಗೆ ಒತ್ತಿ ಮೆಲ್ಲಗೆ ಪಕ್ಕಕ್ಕೆ ಜರುಗಿಸಿದರೆ ಕಂಬ ಸಿಕ್ಕಿದ ಕಡೆ ಪೀಂ ಎನ್ನುತ್ತದಂತೆ. ಒಳಗೆ ಕರೆಂಟು ಹರಿಯುತ್ತಿದ್ದರೆ ಮಿಂಚಿನ ಗುರುತು ಕೆಂಪಗೆ ಹೊತ್ತುತ್ತದಂತೆ. ಅಪ್ಪ ಮಂಚದ ಅಂಚಿನಲ್ಲಿ ಕೂತು, ಹೊಸ ಅಳಿಯನನ್ನು ನೋಡುವ ಹಾಗೆ ಆ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ.

ಪೀಂ ಎನ್ನುವ ಕೆಲಸ ಸರಿಯಾಗಿಯೇ ಆಯಿತು. ಅಪ್ಪನ ಕೈಗೆಟುಕುವಲ್ಲಿ ಎರಡು ಕಂಬ ಸಿಕ್ಕವು, ಎಡಕ್ಕೊಂದು, ಬಲಕ್ಕೊಂದು. ಬಡಗಿ ಎರಡರ ಮೇಲೂ ಪೆನ್ಸಿಲಿನಲ್ಲಿ ಗೆರೆ ಎಳೆದ. ಆದರೆ ಮಿಂಚಿನ ಗುರುತು ಎಡಗಡೆಯೂ ಹೊತ್ತಿತು, ಬಲಗಡೆಯೂ ಹೊತ್ತಿತು, ನಡುವಿನ ಪೊಳ್ಳಿನಲ್ಲೂ ಹೊತ್ತಿತು. ಕೆಲವು ಸಲ ಕರೆಂಟಿನ ಕಾವು ಹಲಗೆಗೆಲ್ಲ ಹರಡಿ ಹೀಗೆ ಸುಳ್ಳು ಹೇಳುತ್ತದೆ, ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರೆ ಸರಿಹೋಗುತ್ತದೆ ಎಂದು ಬಡಗಿ ಅಂಗೈ ಒತ್ತಿದ. ನನ್ನ ಅಂಗೈಯನ್ನೂ ಒತ್ತಿಸಿದ. ಇಬ್ಬರೂ ಗೋಡೆ ಬೀಳದಂತೆ ತಡೆಯುತ್ತಿರುವವರ ಹಾಗೆ ನಿಂತದ್ದಷ್ಟೇ ಬಂತು, ಕೆಂಪು ಆರಲಿಲ್ಲ.

ಆಗ ಅಪ್ಪ ಮಂಚವನ್ನು ತಟ್ಟಿದ. ಅದು ಅವನು ನಮ್ಮನ್ನು ಕರೆಯುವ ರೀತಿ. ನಾನು ಹತ್ತಿರ ಹೋಗಿ, ವೈರು ಯಾವ ಕಂಬದಲ್ಲಿದೆ, ಗೊತ್ತಾ ಅಪ್ಪ ಎಂದೆ. ಅವನು ಕಣ್ಣು ಮುಚ್ಚಿದ. ಕೈಯನ್ನು ಗಾಳಿಯಲ್ಲಿ ಮೇಲಿಂದ ಕೆಳಗೆ ಇಳಿಸಿ, ನಡುನಡುವೆ ಕ್ಲಿಪ್ಪು ಹೊಡೆದಂತೆ ಬೆರಳು ಆಡಿಸಿದ. ಆಮೇಲೆ ಕಣ್ಣು ತೆರೆದು ಎಡಗಡೆಯ ಕಂಬ ತೋರಿಸಿದ, ಅಲ್ಲಿದೆ ಎಂದು. ಬಲಗಡೆ ತೋರಿಸಿ ಕೈ ಆಡಿಸಿದ, ಅಲ್ಲಿಲ್ಲ ಎಂದು. ಎರಡು ಸಲ ಕೇಳಿದೆ. ಎರಡು ಸಲವೂ ಹಾಗೇ ತೋರಿಸಿದ. ಕಾಯಿಲೆ ಬಿದ್ದ ಮೇಲೆ ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ನೋಡಿರಲಿಲ್ಲ.

ಕೊನೆಗೆ ಎರಡು ಬೆರಳು ಜೋಡಿಸಿ ಕೆಳಕ್ಕೆ ಒತ್ತಿದ. ಅದರ ಅರ್ಥ ಮನೆಯವರಿಗೆಲ್ಲ ಗೊತ್ತು. ಮೊದಲು ಮೇನ್ ಆಫ್ ಮಾಡಿ. ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ಇವರಿಗೆ ಮೇನ್ ಆಫ್ ಆಗಬೇಕು ಎಂದು ಅಮ್ಮ ಇದ್ದಾಗ ರೇಗಿಸುತ್ತಿದ್ದಳು.

"ಮೇನ್ ಆಫ್ ಮಾಡಿದ್ರೆ ನನ್ನ ಡ್ರಿಲ್ಲು ಏನು ತಿಂದು ತಿರುಗುತ್ತೆ, ಅಜ್ಜ?" ಎಂದು ಬಡಗಿ ನಕ್ಕ. ಅಪ್ಪನೂ ಅರ್ಧ ಬಾಯಲ್ಲಿ ನಕ್ಕ. ನಾನೂ ನಕ್ಕೆ.

ಬಡಗಿ ಬಲಗಡೆಯ ಕಂಬಕ್ಕೆ ಡ್ರಿಲ್ಲು ಇಟ್ಟ. ಪುಡಿ ಉದುರಿತು, ಹಲಗೆ ದಾಟಿತು. ಅಷ್ಟರಲ್ಲಿ ಫಟ್ ಎಂದು ನೀಲಿ ಬೆಳಕು ಚಿಮ್ಮಿ, ಫ್ಯಾನು ನಿಂತು, ಬಡಗಿ ಮಂಚದ ಕಾಲ ಬಳಿ ಬಿದ್ದಿದ್ದ. ಸುಟ್ಟ ರಬ್ಬರಿನ ವಾಸನೆ. ಒಂದು ಕ್ಷಣ ಅವನು ಅಲುಗಲೇ ಇಲ್ಲ. ಆಮೇಲೆ ಎದ್ದು ಕೂತು, ಅಂಗೈ ನೋಡಿಕೊಂಡು, ಏನಿಲ್ಲ ಅಕ್ಕ, ಏನಿಲ್ಲ ಎಂದ. ಅಂಗೈಯ ಚರ್ಮ ಎದ್ದುಬಂದಿತ್ತು.

ನಾನು ಬಡಗಿಯನ್ನೇ ನೋಡುತ್ತಿದ್ದೆ, ಅಪ್ಪನನ್ನು ನೋಡಲೇ ಇಲ್ಲ. ನೋಡಿದಾಗ ಅವನು ತನ್ನ ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ.

ಅವತ್ತೆಲ್ಲ ಅವನು ಊಟ ಮುಟ್ಟಲಿಲ್ಲ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ನನ್ನ ಕೋಣೆಗೆ ಹೋಗಿ ಅದೇ ಗೋಡೆಗೆ ಎದುರಾಗಿ ಕೂತೆ. ಇಲ್ಲಿಯೇ ಅಲ್ಲವೇ ನಾನು ಟಾರ್ಚು ಹಿಡಿದು ನಿಂತದ್ದು ಎಂದು ನೆನಪಾಯಿತು. ಆ ಕಡೆಯ ಹಲಗೆ ಮೊದಲೇ ಹೊಡೆದಾಗಿತ್ತು. ಅಪ್ಪ ಈ ಕಡೆ ನಿಂತು ವೈರು ಇಳಿಸಿದ್ದ. ಬೆಳಕು ನೆಟ್ಟಗೆ ಹಿಡಿಯೇ, ನಿನ್ನ ಕೈ ಎಮ್ಮೆ ಬಾಲದ ಹಾಗೆ ಆಡ್ತಿದೆ ಎಂದು ಬೈದಿದ್ದ. ಬಡಗಿ ಡ್ರಿಲ್ಲು ಇಟ್ಟ ಆ ಕಂಬ ಈ ಕಡೆಯಿಂದ ನೋಡಿದರೆ ಎಡಕ್ಕಿದೆ.

ಅವನಿಗೆ ಎಲ್ಲ ನೆನಪಿತ್ತು. ಕ್ಲಿಪ್ಪಿನ ಸಮೇತ ನೆನಪಿತ್ತು. ನಾವು ಅವನನ್ನು ಗೋಡೆಯ ಆಚೆ ಕೂರಿಸಿ ಕೇಳಿದ್ದೆವು, ಅವನು ಮನಸ್ಸಿನಲ್ಲಿ ಈಚೆ ನಿಂತು ಉತ್ತರ ಕೊಟ್ಟಿದ್ದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಕರೆಂಟಿನವನೊಬ್ಬ ಬಂದು ಹಲಗೆ ಬಿಚ್ಚಿ, ಹೊಸ ವೈರು ಎಳೆದು, ಗೋಡೆ ಮುಚ್ಚಿದ. ಬಡಗಿ ಅಂಗೈಗೆ ಬಟ್ಟೆ ಸುತ್ತಿಕೊಂಡೇ ಬಂದ. ಈ ಸಲ ಮೇನ್ ಆಫ್ ಮಾಡಿ, ಕೈಯಿಂದ ತಿರುಗಿಸುವ ಹಳೇ ಡ್ರಿಲ್ಲು ತಂದು, ಎಡಗಡೆಯ ಕಂಬಕ್ಕೆ ಹಿಡಿಕೆ ಕೂರಿಸಿದ. ತಾನೇ ಜೋತುಬಿದ್ದು ತೋರಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ.

ನಾನು ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. "ಅಪ್ಪ, ನೀನು ಹೇಳಿದ್ದು ತಪ್ಪಲ್ಲ. ನೀನು ವೈರು ಎಳೆದದ್ದು ನನ್ನ ಕೋಣೆಯಿಂದ. ಅಲ್ಲಿಂದ ನೋಡಿದ್ರೆ ನೀನು ಹೇಳಿದ್ದೇ ಸರಿ. ನಾವೇ ತಿರುವುಮುರುವು ಮಾಡ್ಕೊಂಡ್ವಿ."

ಅಪ್ಪ ನನ್ನನ್ನು ನೋಡಲಿಲ್ಲ. ಅವನ ಕಣ್ಣು ಬಡಗಿಯ ಅಂಗೈಯ ಬಟ್ಟೆಯ ಮೇಲಿತ್ತು. ಬಡಗಿ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಅಪ್ಪನನ್ನು ತಳ್ಳುಕುರ್ಚಿಯಲ್ಲಿ ನನ್ನ ಕೋಣೆಗೂ ಕರೆದೊಯ್ದೆ, ಈಗ ತೋರಿಸು ಎಂದು ಗೋಗರೆದೆ. ಎಡಗೈ ತೊಡೆಯ ಕೆಳಗಿಂದ ಹೊರಗೆ ಬರಲಿಲ್ಲ.

ಮಾರನೆಯ ದಿನ ಫಿಸಿಯೋ ಅವನ ಕೈ ಹಿಡಿದು ಹಿಡಿಕೆಯ ಹತ್ತಿರ ಒಯ್ದಳು. ಮುಟ್ಟುವ ಮೊದಲೇ ಶಾಕ್ ಹೊಡೆದವನಂತೆ ಹಿಂದಕ್ಕೆಳೆದುಕೊಂಡ. ಜೀವಮಾನವಿಡೀ ಕರೆಂಟಿನ ಜೊತೆ ಬಾಳಿದ ಮನುಷ್ಯ ಒಂದು ಸ್ಟೀಲಿನ ತುಂಡಿಗೆ ಹೆದರುತ್ತಿದ್ದ. ಹಿಡಿಕೆಗೆ ರಬ್ಬರು ಸುತ್ತಿದೆವು. ನಾನೇ ಹಿಡಿದು ನಿಂತು ತೋರಿಸಿದೆ. ಅಪ್ಪ ಎರಡು ಬೆರಳು ಜೋಡಿಸಿ ಕೆಳಕ್ಕೆ ಒತ್ತಿದ.

ಹೋಗಿ ಮೇನ್ ಆಫ್ ಮಾಡಿದೆ. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್ ನಿಂತಿತು. ಅಪ್ಪ ಆರಿದ ಬಲ್ಬನ್ನು ನೋಡಿದ. ಮೆಲ್ಲಗೆ ಕೈ ಚಾಚಿ ಹಿಡಿಕೆ ಹಿಡಿದ. ಎದ್ದು ನಿಂತ.

ಫಿಸಿಯೋ ಚಪ್ಪಾಳೆ ತಟ್ಟಿದಳು. ಇನ್ನು ನಾಲ್ಕು ದಿನದಲ್ಲಿ ಭಯ ತಾನಾಗಿಯೇ ಹೋಗುತ್ತದೆ ಎಂದಳು. ಹೋಗಲಿಲ್ಲ.

ಈಗ ಅಪ್ಪ ತಾನೇ ಏಳುತ್ತಾನೆ, ತಾನೇ ಗೋಡೆ ಸವರಿಕೊಂಡು ಟಾಯ್ಲೆಟ್ಟಿಗೆ ಹೋಗುತ್ತಾನೆ. ನಾನು ಮುಟ್ಟುವಂತಿಲ್ಲ. ಆದರೆ ಪ್ರತಿ ಸಲವೂ ಮೊದಲು ಮಂಚ ತಟ್ಟುತ್ತಾನೆ. ಕೈಯಲ್ಲಿರುವ ಕೆಲಸ ಬಿಟ್ಟು ನಾನು ಬಾಗಿಲ ಬಳಿ ಮೀಟರ್ ಬೋರ್ಡಿಗೆ ಓಡುತ್ತೇನೆ. ಸ್ವಿಚ್ಚು ಕೆಳಗೆಳೆದು, ಮಾಡಿದೆ ಅಪ್ಪ ಎಂದು ಕೂಗುತ್ತೇನೆ. ಮಂಚ ಕಿರ್ರೆನ್ನುವುದು ಕೇಳಿಸುತ್ತದೆ. ಅವನು ಹೋಗಿ ತಿರುಗಿ ಬಂದು ಮಲಗುವವರೆಗೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಅಲ್ಲೇ ನಿಂತಿರುತ್ತೇನೆ.