ಒಣಸಿಗಡಿ ಕಟ್ಟಿದ ಕಾಗದ

ಆಸಾಡಿ ತಿಂಗಳು ಹುಟ್ಟಲು ಇನ್ನು ಎರಡು ದಿನವಿತ್ತು. ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಮಳೆ ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲ. ದೋಣಿಗಳೆಲ್ಲ ದಡಕ್ಕೇರಿ ತೆಂಗಿನ ಮಡಲು ಹೊದ್ದು ಮಲಗಿದ್ದವು. ಹಸಿ ಮೀನಿಲ್ಲದ ಈ ದಿನಗಳಲ್ಲೇ ಜಲಜಳಿಗೆ ಕೆಲಸ ಹೆಚ್ಚು. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಸಿಗಡಿ ಈಗ ಡ್ರಮ್ಮಿನಿಂದ ಹೊರಗೆ ಬರುತ್ತದೆ. ಶನಿವಾರ ಕುಂದಾಪುರದ ಸಂತೆ. ಶುಕ್ರವಾರ ಇಡೀ ದಿನ ಅವಳು ಜಗಲಿಯಲ್ಲಿ ಕುಳಿತು ಸಿಗಡಿಯ ಕಸ ಆರಿಸುತ್ತಾಳೆ, ಪಾವಿನಲ್ಲಿ ಅಳೆಯುತ್ತಾಳೆ, ಕಾಗದದ ಪೊಟ್ಟಣ ಕಟ್ಟುತ್ತಾಳೆ.

ಮಗಳು ದೀಕ್ಷಾ ಬೈಂದೂರಿನ ಕಾಲೇಜಿಗೆ ಬಿ.ಎ. ಸೇರಿ ನಾಲ್ಕು ದಿನವಾಗಿತ್ತು. ಆ ಮನೆಯಿಂದ ಡಿಗ್ರಿಗೆ ಹೋದವಳು ಅವಳೇ ಮೊದಲು. ಅಪ್ಪ ಕೊರಗ ಸೇರಿಸುವಾಗಲೇ ಒಂದು ಮಾತು ಹೇಳಿದ್ದ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೂ ಮಾರನೆಯ ದಿನದಿಂದ ಗೇರುಬೀಜದ ಕಾರ್ಖಾನೆ. ಕಾರ್ಖಾನೆಯ ವ್ಯಾನು ದಿನಾ ಮನೆಯ ಮುಂದೆಯೇ ಹಾದು ಹೋಗುತ್ತಿತ್ತು. ಕೊರಗ ಹೆಚ್ಚು ಮಾತಾಡುವವನಲ್ಲ. ಆಡಿದ ಮಾತನ್ನು ತಿರುಗಿಸುವವನೂ ಅಲ್ಲ.

"ಹ್ವಾಯ್ ಜಲಜಕ್ಕ, ಒಳ್ಗಿದ್ರಿಯಾ?"

ಪಕ್ಕದ ಮನೆಯ ಸೊಸೆ ಶ್ರೀಲತಾ ಕೊಡೆ ಮಡಚಿ ಜಗಲಿ ಹತ್ತಿದಳು. ಮೇ ತಿಂಗಳಲ್ಲಿ ಮದುವೆಯಾಗಿ ಬಂದವಳು. ಹೊಸ ಮದುಮಗಳಾದ್ದರಿಂದ ಆಸಾಡಿಗೆ ಬಸ್ರೂರಿನ ತವರಿಗೆ ಹೊರಟಿದ್ದಳು. ಕೈಯಲ್ಲಿ ಒಂದು ಭಾರದ ಚೀಲವಿತ್ತು.

"ದೀಕ್ಷಾ ಇಲ್ಯಾ?"

"ಕಾಲೇಜಿಗೆ ಹೋಯ್ತ್. ಎಂತ?"

"ಅವ್ಳಿಗೇ ತಂದದ್. ಮೂರ್ ಪುಸ್ತಕ, ಆರ್ ನೋಟ್ಸ್. ನಂದ್ ಫಸ್ಟ್ ಇಯರಿಂದ್. ಈಗ್ಲೇ ಹೊಸತ್ ಎಂತದೂ ತಕಣೂದ್ ಬ್ಯಾಡ ಜಲಜಕ್ಕ. ಎರಡ್ ವಾರ ಕ್ಲಾಸಿಗೆ ಹೋಯ್ಲಿ. ಮೇಷ್ಟ್ರ್ ಯಾವ ಪುಸ್ತಕ ಹಿಡ್ಕಂಡ್ ಪಾಠ ಮಾಡ್ತ್ರ್ ಅಂದ್ ಕಾಣ್ಲಿ. ಆಮೇಲೆ ಒಂದೋ ಎರಡೋ ತಕಂಡ್ರೆ ಸಾಕ್. ಉಳ್ದದ್ ಲೈಬ್ರೆರಿಯಂಗೆ ಸಿಕ್ಕತ್ತ್."

ಜಲಜ ಕೈ ನಿಲ್ಲಿಸಲಿಲ್ಲ. "ಕಾಲೇಜಿನೋರೇ ಒಂಬತ್ತ್ ಪುಸ್ತಕದ ಪಟ್ಟಿ ಕೊಟ್ಟಿದ್ರಲೆ ಮಾರಾಯ್ತಿ. ಅವ್ರ್ ಸುಮ್ನೆ ಬರೀತ್ರಾ?"

"ಪಟ್ಟಿಯಂಗೆ ಇಪ್ಪುದೆಲ್ಲ ಕೊಂಡ್ಕಣ್ಕ್ ಅಂದ್ ಇಲ್ಲೆ. ಕೆಲವ್ ಒಂದ್ ಪಾಠಕ್ಕ್ ಮಾತ್ರ ಬೇಕಾಪ್ದ್."

"ನಿಂಗೆ ಒಂದ್ ಪೇಪರ್ ಬಾಕಿ ಅಂಬ್ರ್, ಹೌದಾ?"

ಶ್ರೀಲತಾ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಹೌದ್. ಫಸ್ಟ್ ಇಯರಿನ ಅರ್ಥಶಾಸ್ತ್ರ. ಆಗ ನಾನ್ ಕ್ಲಾಸಂಗೆ ಒಂದಕ್ಷರ ಬರೀಲಿಲ್ಲೆ. ಪರೀಕ್ಷೆ ಹತ್ರ ಬಂದಾಗ ಬೇರೆಯೋರದ್ ಜೆರಾಕ್ಸ್ ಮಾಡ್ಸಿ ಓದ್ದೆ. ಯಾರೋ ಬರ್ದದ್, ನನ್ನ ತಲೆಗೆ ಹತ್ಲಿಲ್ಲೆ. ಬಿದ್ದ್ ಮೇಲೆ ಬುದ್ಧಿ ಬಂತ್. ಕೂಕಂಡ್ ಎಲ್ಲ ನಾನೇ ಬರ್ದೆ. ಅದೇ ಈ ನೋಟ್ಸ್."

ಚೀಲ ಕೆಳಗಿಟ್ಟು ಹೇಳಿದಳು. "ದೀಕ್ಷಾ ನೋಡಿ ಬರ್ಕಣ್ಲಿ. ಆದ್ರೆ ನಂಗೆ ವಾಪಸ್ ಬೇಕ್ ಅಕ್ಕ. ಅಮ್ಮನ ಕಾಲಿನ ಆಪರೇಶನ್ ಇತ್ತ್, ನಾನ್ ಬಪ್ಪತಿಗೆ ನವರಾತ್ರಿ ಕಳೀತ್ತ್. ಜನವರಿಯಂಗೆ ಆ ಪೇಪರ್ ಬರೀತೆ. ನಮ್ ಬ್ಯಾಚಿಗೆ ಇದೇ ಕಡೆ ಸಲ."

"ಮದಿ ಆಯ್ತಲೆ ಮಗಾ. ಇನ್ನೆಂತ ಪರೀಕ್ಷೆ ನಿಂಗೆ?" ಜಲಜ ನಕ್ಕಳು.

ಶ್ರೀಲತಾ ನಗಲಿಲ್ಲ. ಕೊಡೆ ಬಿಡಿಸಿ ಬಸ್ಸಿಗೆ ಹೋದಳು.

ಜಲಜ ಚೀಲವನ್ನು ನೋಡುತ್ತ ಕುಳಿತಳು. ಹೊಸ ಬಲೆ ಕಡಲಿಗಿಳಿಸುವ ದಿನ ಯಾರ ಕೈ ಮೊದಲು ತಾಗಬೇಕು, ಯಾರದು ತಾಗಬಾರದು ಎಂದು ಕೊರಗ ಯೋಚಿಸುತ್ತಾನೆ. ಇದೂ ಹಾಗೆಯೇ ಎಂದು ಅವಳಿಗೆ ಅನಿಸಿತು. ಬಿದ್ದವಳ ಪುಸ್ತಕವನ್ನು ಮಗಳ ಕೈಗೆ ಮೊದಲ ವಾರವೇ ಕೊಡುವುದೆ? ಚೀಲವನ್ನು ಕತ್ತಲೆ ಕೋಣೆಯ ಮಂಚದ ಕೆಳಗೆ ತಳ್ಳಿದಳು. ಮಗಳಿಗೆ ಹೇಳಲಿಲ್ಲ.

ಮರುದಿನ ಸಂತೆ ಮುಗಿಸಿ, ಮೀನಿನ ಬುಟ್ಟಿಯನ್ನು ಅಂಗಡಿಯ ಹೊರಗಿಟ್ಟು, ಪಟ್ಟಿಯಲ್ಲಿದ್ದ ಒಂಬತ್ತು ಪುಸ್ತಕಗಳನ್ನೂ ಹೊಸದಾಗಿಯೇ ಕೊಂಡಳು. ಆ ಮಳೆಗಾಲದ ಸಂಪಾದನೆ ಮುಕ್ಕಾಲು ಅಲ್ಲಿಗೇ ಹೋಯಿತು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಮನೆಗೆ ಬಂದು ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚಿದಳು.

"ಇದ್ರ ಮೇಲೆ ಗೀಚೂಕಾಗ, ಕಾಣ್. ಪೆನ್ಸಿಲಿಂದೂ ಆಗ. ಸರಸ್ವತಿ ಅದ್."

ದೀಕ್ಷಾ ತಲೆಯಾಡಿಸಿದಳು.

ಆದರೆ ಕಡಲ ಗಾಳಿಗೆ, ಮಳೆಗಾಲದ ತೇವಕ್ಕೆ ಪುಸ್ತಕ ಎಲ್ಲಿಡುವುದು? ಗೋಡೆಗೆಲ್ಲ ಬೂಷ್ಟು. ಆ ಮನೆಯಲ್ಲಿ ತೇವ ತಾಗದ ಜಾಗ ಒಂದೇ, ಗಟ್ಟಿ ಮುಚ್ಚಳದ ನೀಲಿ ಡ್ರಮ್ಮು. ಖಾಲಿಯಾಗಿದ್ದ ಒಂದು ಮೀನಿನ ಡ್ರಮ್ಮನ್ನು ಜಲಜ ಸೋಪು ಹಾಕಿ ಎರಡು ಸಲ ತೊಳೆದಳು, ಬಟ್ಟೆಯಲ್ಲಿ ಒರೆಸಿದಳು, ಪುಸ್ತಕಗಳನ್ನು ಒಳಗಿಟ್ಟು ಮುಚ್ಚಿದಳು. ದೀಕ್ಷಾ ಬೆಳಿಗ್ಗೆ ತೆಗೆದುಕೊಂಡು ಹೋಗುವುದು, ಸಂಜೆ ತಂದು ಅಲ್ಲೇ ಇಡುವುದು. ಇಪ್ಪತ್ತು ವರ್ಷ ಒಣಮೀನಿನ ನಡುವೆ ಬದುಕಿದ ಮನೆಯ ಮೂಗಿಗೆ ಏನೂ ಗೊತ್ತಾಗಲಿಲ್ಲ.

ತರಗತಿಗೆ ಗೊತ್ತಾಯಿತು. ದೀಕ್ಷಾ ಪುಸ್ತಕ ಬಿಡಿಸಿದ ಕೂಡಲೇ ಪಕ್ಕದ ನವ್ಯಾ ಮೂಗಿಗೆ ಕರ್ಚೀಫು ಹಿಡಿದಳು. ಹಿಂದಿನ ಬೆಂಚಿನಿಂದ ರೋಹನ್ ಹೇಳಿದ, "ನಾಳೆಯಿಂದ ಬರೀ ಗಂಜಿ ತಂದ್ರೆ ಸಾಕ್ ಮಾರಾಯ್ರೆ. ನೆಂಚ್ಕಂಬುಕೆ ಪುಸ್ತಕ ಇತ್ತ್."

ಎಲ್ಲರೂ ನಕ್ಕರು. ಮರುದಿನದಿಂದ ದೀಕ್ಷಾ ಪುಸ್ತಕ ಒಯ್ಯಲಿಲ್ಲ. ಕೊನೆಯ ಬೆಂಚಿಗೆ ಹೋದಳು. ಛಾವಣಿಯ ಶೀಟಿನ ಮೇಲೆ ಬೀಳುವ ಮಳೆಗೆ ಮೇಷ್ಟ್ರ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಬೋರ್ಡು ತುಂಬಿದಾಗ ಮೊಬೈಲ್ ಎತ್ತಿ ಫೋಟೋ ಹೊಡೆಯುವಳು. ಉಳಿದವರೂ ಹೊಡೆಯುತ್ತಿದ್ದರು. ಫೋಟೋ ಇದೆಯಲ್ಲ, ಆಮೇಲೆ ಓದಿದರಾಯಿತು ಎಂದುಕೊಂಡಳು. ಅಮ್ಮನಿಗೆ ವಾಸನೆಯ ವಿಷಯ ಹೇಳಲು ನಾಲಿಗೆ ಏಳಲಿಲ್ಲ.

ಆಗಸ್ಟಿನ ಕೊನೆಯ ಒಂದು ಶುಕ್ರವಾರ ಜಲಜಳ ಹಳೆ ಪೇಪರು ಮುಗಿಯಿತು. ಇನ್ನೂ ನಲವತ್ತು ಪೊಟ್ಟಣ ಬಾಕಿ. ಮಂಚದ ಕೆಳಗಿನ ಚೀಲ ನೆನಪಾಯಿತು. ಅಚ್ಚಾದ ಮೂರು ಪುಸ್ತಕಗಳನ್ನು ಅವಳು ಮುಟ್ಟಲಿಲ್ಲ, ಕಣ್ಣಿಗೆ ಒತ್ತಿ ಪಕ್ಕಕ್ಕಿಟ್ಟಳು. ನೋಟ್ಸ್ ಪುಸ್ತಕ ಬಿಡಿಸಿ ನೋಡಿದಳು. ಹಾಳೆ ತುಂಬ ಬರಹ, ಬರೆಯಲು ಜಾಗವೇ ಇಲ್ಲ. ಬರೆದು ಮುಗಿದ ಪುಸ್ತಕ ಇನ್ನು ಯಾರಿಗೆ ಬೇಕು? ಹಾಳೆ ಉದ್ದವಾಗಿತ್ತು, ಗಟ್ಟಿಯಾಗಿತ್ತು. ಪೊಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು.

ನವೆಂಬರಿನಲ್ಲಿ ಕಾಲೇಜಿನ ಕಿರುಪರೀಕ್ಷೆಯ ಅಂಕ ಬಂತು. ಅರ್ಥಶಾಸ್ತ್ರದಲ್ಲಿ ಇಪ್ಪತ್ತಕ್ಕೆ ಮೂರು. ಇತಿಹಾಸದಲ್ಲಿ ಐದು. ಕೊರಗ ಅಂಕದ ಚೀಟಿಯನ್ನು ನೋಡಿದ, ಮಡಚಿದ, ಮಗಳಿಗೆ ಕೊಟ್ಟ.

"ಬೀಜದ ಕಾರ್ಖಾನೆಗೆ ಮಾತಾಡಿಟ್ಟಿದೆ. ಜನವರಿ ಕಳೀಲಿ" ಎಂದ.

ಅದೇ ವಾರ ಶ್ರೀಲತಾ ತವರಿನಿಂದ ಬಂದಳು. ಸಂಜೆ ಜಗಲಿಯಲ್ಲಿ ದೀಕ್ಷಾಳ ಮೊಬೈಲ್ ನೋಡಿದಳು. ಸಾವಿರದ ಇನ್ನೂರು ಫೋಟೋ. ಬೋರ್ಡು, ಮುಂದಿನವರ ತಲೆ, ಮೇಷ್ಟ್ರ ಮೊಣಕೈ.

"ಇದ್ ಯಾವ ಪಾಠ?"

"ಗೊತ್ತಿಲ್ಲೆ ಅತ್ತಿಗೆ."

"ಇದ್?"

"ಗೊತ್ತಾತಿಲ್ಲೆ."

"ಮತ್ತೆ ನನ್ನ ನೋಟ್ಸ್ ಕಾಣ್ಲಿಲ್ಯಾ ನೀನ್?"

"ಯಾವ ನೋಟ್ಸ್?"

ಶ್ರೀಲತಾ ಜಲಜಳ ಕಡೆ ತಿರುಗಿದಳು. ಅಂದು ಶುಕ್ರವಾರ. ಜಲಜಳ ಮುಂದೆ ಸಿಗಡಿಯ ರಾಶಿ, ಪಕ್ಕದಲ್ಲಿ ಕಟ್ಟಿಟ್ಟ ಪೊಟ್ಟಣಗಳು. ಜಲಜಳ ಕೈ ನಿಂತಿತು.

ಶ್ರೀಲತಾ ಒಂದು ಪೊಟ್ಟಣ ಎತ್ತಿಕೊಂಡಳು. ಸಿಗಡಿಯನ್ನು ಮೊರಕ್ಕೆ ಸುರಿದು, ಕಾಗದವನ್ನು ತೊಡೆಯ ಮೇಲೆ ಬಿಡಿಸಿ ಸರಿಮಾಡಿದಳು. ಬೇಡಿಕೆ ರೇಖೆಯ ಚಿತ್ರ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವಳದೇ ಅಕ್ಷರ.

"ಎಷ್ಟ್ ಶನಿವಾರ ಆಯ್ತ್ ಅಕ್ಕ?"

"ಹನ್ನೊಂದ್" ಎಂದಳು ಜಲಜ. "ಬರ್ದ್ ಮುಗ್ದದ್ ಅಲ್ದಾ ಅಂದ್ಕಂಡೆ."

ಆರು ನೋಟ್ಸಿನಲ್ಲಿ ಒಂದೂವರೆ ಉಳಿದಿತ್ತು. ಎರಡೂ ಇತಿಹಾಸದವು. ಅರ್ಥಶಾಸ್ತ್ರ ಕುಂದಾಪುರ ಸಂತೆಗೆ ಬಂದವರ ಒಲೆ ಸೇರಿಯಾಗಿತ್ತು.

ಶ್ರೀಲತಾ ಎದ್ದು ಹೋದಳು. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಸಂಜೆ ಬಂದಳು. ಜಲಜಳ ಮುಖ ನೋಡಲಿಲ್ಲ.

"ದೀಕ್ಷಾ, ಪುಸ್ತಕ ತಕಂಡ್ ಬಾ."

ಡ್ರಮ್ಮಿನ ಮುಚ್ಚಳ ತೆಗೆದಾಗ ಶ್ರೀಲತಾಳಿಗೂ ವಾಸನೆ ಹೊಡೆಯಿತು. ಅವಳು ಏನೂ ಕೇಳಲಿಲ್ಲ, ದೀಕ್ಷಾಳೇ ಹೇಳಿದಳು. ಬೆಂಚು, ಕರ್ಚೀಫು, ಗಂಜಿ ಎಲ್ಲ. ಜಲಜ ಬಾಗಿಲ ಬದಿಯಲ್ಲಿ ನಿಂತು ಕೇಳಿದಳು.

ಶ್ರೀಲತಾ ಸಿಲೆಬಸ್ಸಿನ ಹಾಳೆ ಹಿಡಿದು ಒಂಬತ್ತು ಪುಸ್ತಕಗಳನ್ನೂ ಹೋಲಿಸಿದಳು. ಬೇಕಾದದ್ದು ಮೂರೇ. ಎರಡು ಹಳೆಯ ಸಿಲೆಬಸ್ಸಿನವು. ಒಂದು ಮುಂದಿನ ಸೆಮಿಸ್ಟರಿನದು. ಮೂರು ಕಾಲೇಜಿನ ಲೈಬ್ರೆರಿಯಲ್ಲೇ ಸಿಗುವಂಥವು.

"ಬಿಲ್ಲ್ ಇಟ್ಕಂಡ್ ಮೊದ್ಲ್ ವಾರವೇ ಹೋಗಿದ್ರೆ ವಾಪಸ್ ತಕಂತಿದ್ರೇನೋ. ಈಗ ಈ ವಾಸನೆಗೆ ಯಾರ್ ತಕಂತ್ರ್?"

ಬೇಕಾದ ಮೂರರಲ್ಲಿ ಒಂದನ್ನು ಬಿಡಿಸಿ ಪೆನ್ಸಿಲ್ ತೆಗೆದಳು. ಜಲಜ ಒಂದು ಹೆಜ್ಜೆ ಮುಂದೆ ಬಂದಳು, ಆದರೆ ತಡೆಯಲಿಲ್ಲ.

"ನಮ್ಮ ಸ್ವಂತ ಪುಸ್ತಕಕ್ಕೆ ಗೆರೆ ಎಳೀಲಕ್ಕ್. ಲೈಬ್ರೆರಿದಕ್ಕೆ ಆಗ. ಇಡೀ ಪುಟಕ್ಕೆ ಎಳೀಬ್ಯಾಡ, ಮುಖ್ಯದಕ್ಕ್ ಮಾತ್ರ. ನೋಟ್ಸ್ ಬರೆಯೂದ್ ಹ್ಯಾಂಗೆ ಗೊತ್ತಿತ್ತಾ? ಮೇಲೆ ತಾರೀಕ್, ಪಾಠದ ಹೆಸ್ರ್. ಎಡಬದಿ ನಾಲ್ಕ್ ಬೆರಳ್ ಜಾಗ ಬಿಡ್. ಮೇಷ್ಟ್ರ್ ಹೇಳೂದೆಲ್ಲ ಬರ್ಕಂಬುಕೆ ಹೋದ್ರೆ ಎಂತದೂ ಕೇಂತಿಲ್ಲೆ. ಎರಡ್ ಸಲ ಹೇಳ್ದದ್, ಉದಾಹರಣೆ, ಅಷ್ಟೇ. ಇಂಗ್ಲಿಷ್ ಶಬ್ದ ಗೊತ್ತಾಗದಿದ್ರೆ ಕೇಂಡಂಗೆ ಕನ್ನಡದಂಗೆ ಬರೀ, ಆಮೇಲೆ ಕೇಣ್. ನಾಚ್ಕೆ ಮಾಡೂಕಾಗ."

"ಎಡಬದಿ ಜಾಗ ಎಂತಕ್ಕೆ ಅತ್ತಿಗೆ?"

ಶ್ರೀಲತಾ ಆಗ ಮೊದಲ ಸಲ ಜಲಜಳ ಕಡೆ ನೋಡಿದಳು. "ಜಲಜಕ್ಕ, ಬೆಳಿಗ್ಗೆ ದಡಕ್ಕೆ ಬಂದ ಮೀನಿಗೆ ಉಪ್ಪ್ ಯಾವತ್ ಹಾಕ್ತ್ರಿ?"

"ಅದೇ ದಿನ. ರಾತ್ರಿ ಕಳ್ದ್ರೆ ಕೊಳೀತ್ತ್."

"ಪಾಠವೂ ಹಾಂಗೇ. ಅದೇ ದಿನ ಸಂಜೆ ಕೂಕಂಡ್ ಒಂದ್ ಸಲ ಓದ್ಕ್. ಎಡಬದಿಗೆ ಪ್ರಶ್ನೆ ಬರೀಕ್. ಬಲಬದಿ ಕೈಯಂಗೆ ಮುಚ್ಚಿ ಉತ್ರ ಹೇಳ್ಕ್. ಫೋಟೋ ಅಂದ್ರೆ ಉಪ್ಪ್ ಹಾಕದ್ದ್ ಮೀನ್."

ಜಲಜಳಿಗೆ ಅಂದು ಅರ್ಥವಾಯಿತು. ಮಗಳ ಮೂರು ಪುಸ್ತಕಗಳನ್ನು ಎರಡು ದಿನ ಬಿಸಿಲಿಗೆ ಬಿಡಿಸಿಟ್ಟಳು. ದೇವರ ಮಂಟಪದ ಪಕ್ಕ ಒಂದು ಹಲಗೆ ಹೊಡೆಸಿ ಅಲ್ಲಿಟ್ಟಳು. ದೀಕ್ಷಾ ಮೊದಲ ಬೆಂಚಿಗೆ ಹೋದಳು. ರೋಹನ್ ಒಂದು ವಾರ ಗಂಜಿ ಕೇಳಿದ, ಆಮೇಲೆ ಸುಮ್ಮನಾದ. ಅವಳು ಬರೆದ ನೋಟ್ಸನ್ನು ಡಿಸೆಂಬರಿನಲ್ಲಿ ಅವನೇ ನೋಡಲು ಕೇಳಿದ. ದಿನವೂ ಸಂಜೆ ಶ್ರೀಲತಾ ಬರುತ್ತಿದ್ದಳು. ಎರಡು ಗಂಟೆ ದೀಕ್ಷಾಳಿಗೆ. ಮನೆಗೆ ಹೋಗಿ ಅಡುಗೆ, ಪಾತ್ರೆ. ಅದೆಲ್ಲ ಮುಗಿದ ಮೇಲೆ, ಹಿಂದೊಮ್ಮೆ ಬರೆದಿದ್ದ ಅರ್ಥಶಾಸ್ತ್ರವನ್ನೇ ಮತ್ತೆ ಮೊದಲ ಪುಟದಿಂದ ಬರೆಯುತ್ತಿದ್ದಳು.

ಜನವರಿಯಲ್ಲಿ ಇಬ್ಬರೂ ಬರೆದ ಪರೀಕ್ಷೆಯ ಫಲಿತಾಂಶ ಮಾರ್ಚಿನಲ್ಲಿ ಬಂತು. ದೀಕ್ಷಾ ಎಲ್ಲ ವಿಷಯಗಳಲ್ಲೂ ಪಾಸು. ಶ್ರೀಲತಾಳಿಗೆ ಅರ್ಥಶಾಸ್ತ್ರದಲ್ಲಿ ಪಾಸಾಗಲು ಮೂರು ಅಂಕ ಕಡಿಮೆ. ಅವಳ ಬ್ಯಾಚಿಗೆ ಅದೇ ಕಡೆಯ ಸಲವಾಗಿತ್ತು.

ಕೊರಗ ಕಾರ್ಖಾನೆಯ ಮಾತು ಎತ್ತಲಿಲ್ಲ. ಹೆಂಡತಿಯನ್ನು ಕರೆದು ಹೇಳಿದ್ದು ಇಷ್ಟೇ, "ಅವ್ಳ ಮನೆಗೆ ಹೋಗಿ ಬಾ."

ಜಲಜ ಆ ವರ್ಷದ ಮೊದಲ ಒಣಸಿಗಡಿಯನ್ನು ಆರಿಸಿ, ಪೊಟ್ಟಣ ಕಟ್ಟಿ ತೆಗೆದುಕೊಂಡು ಹೋದಳು. ಶ್ರೀಲತಾ ಅದನ್ನು ತೆಗೆದುಕೊಂಡಳು. ತಿರುಗಿಸಿ ಕಾಗದ ನೋಡಿದಳು.

"ಇದ್ ಯಾರ ನೋಟ್ಸ್ ಜಲಜಕ್ಕ?"

"ಯಾರ್ದೂ ಅಲ್ಲ ಮಗಾ. ಬರೀ ಹಳೆ ಪೇಪರ್." ಜಲಜ ಸೆರಗಿಗೆ ಕೈ ಒರೆಸಿಕೊಂಡಳು. "ನಿನ್ನ ಸಾಲ ನಂಗೆ ತೀರ್ಸೂಕೆ ಆಪ್ದಲ್ಲ."

"ಹೌದ್" ಎಂದಳು ಶ್ರೀಲತಾ. "ಆಪ್ದಲ್ಲ." ಕೂರಲು ಹೇಳಿ, ಚಾ ಮಾಡಲು ಒಳಗೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಈ ವರ್ಷ ಯಾರಾದರೂ ಮೊದಲ ಸಲ ಕಾಲೇಜಿಗೆ ಹೊರಟಿರಬಹುದು. ಪಟ್ಟಿ ಕಂಡ ಕೂಡಲೇ ಅಂಗಡಿಗೆ ಓಡಬೇಡಿ. ಎರಡು ವಾರ ಕಾಯಿರಿ, ಸಿಲೆಬಸ್ ನೋಡಿರಿ, ಲೈಬ್ರೆರಿಯಲ್ಲಿ ಕೇಳಿರಿ, ಓದಿ ಮುಗಿಸಿದವರ ಮನೆಯ ಬಾಗಿಲು ತಟ್ಟಿರಿ. ಅವರು ಪಾಸಾದವರೇ ಆಗಬೇಕೆಂದಿಲ್ಲ. ಎಲ್ಲಿ ಕಾಲು ಜಾರುತ್ತದೆ ಎಂದು ಬಿದ್ದವರಿಗೆ ಹೆಚ್ಚು ಗೊತ್ತಿರುತ್ತದೆ. ಮಕ್ಕಳೇ, ಕ್ಲಾಸಿನಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ, ಬರೆದದ್ದನ್ನು ಅದೇ ಸಂಜೆ ಓದಿರಿ. ಪುಸ್ತಕದಿಂದ ದೂರವಾಗುವಂಥದ್ದು ಏನಾದರೂ ನಡೆದರೆ ಮನೆಯಲ್ಲಿ ಹೇಳಿರಿ.

ಮತ್ತೆ, ಯಾರಾದರೂ ಕೈಬರಹದ ಪುಸ್ತಕವನ್ನು ನಂಬಿ ನಿಮ್ಮ ಕೈಗೆ ಕೊಟ್ಟರೆ ಅದನ್ನು ಹೇಳಿದ ದಿನಕ್ಕೆ ಹಿಂದಿರುಗಿಸಿರಿ. ಅಂಗಡಿಯ ಪುಸ್ತಕ ಕಳೆದರೆ ಇನ್ನೊಂದು ಸಿಗುತ್ತದೆ. ಜಲಜ ಈಗ ಸಂತೆಗೆ ಹೋಗುವ ಮೊದಲು ಪ್ರತಿಯೊಂದು ಕಾಗದವನ್ನೂ ಬಿಡಿಸಿ ನೋಡುತ್ತಾಳೆ. ಕೈಬರಹ ಕಂಡರೆ ಪಕ್ಕಕ್ಕೆ ತೆಗೆದಿಡುತ್ತಾಳೆ. ಶ್ರೀಲತಾಳ ಆ ಪೇಪರು ಬಾಕಿಯೇ ಉಳಿದಿದೆ.